ಹೊಸ ಟೈರು ನಾಲ್ಕೇ ತಿಂಗಳಿಗೆ ಬೋಳು: ಕಳ್ಳ ಯಾರು?

ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಯಾರ್ಡಿಗೆ ಹೋದವರಿಗೆ ಗೊತ್ತು. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಬಂದ ಪಿಕಪ್‌ಗಳ ಸಾಲೇ ಸಾಲು. ಬಾಕ್ಸ್ ಎಣಿಸುವವರುಂಟು, ದರ ಕೂಗುವವರುಂಟು, ಕೊಳೆತದ್ದನ್ನು ಆರಿಸಿ ಎಸೆಯುವವರೂ ಉಂಟು. ಇಷ್ಟನ್ನೂ ಹೊತ್ತು ತಂದ ಟೈರಿನ ಕಡೆ ನೋಡುವವರು ಮಾತ್ರ ಯಾರೂ ಇಲ್ಲ.

ಮೊನ್ನೆ ನಾವೇ ನೋಡುವ ಪ್ರಸಂಗ ಬಂತು. ಚಾಲಕನೊಬ್ಬ ತನ್ನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತಲೆ ಮೇಲೆ ಕೈ ಹೊತ್ತಿದ್ದ. ಏನಪ್ಪಾ ಎಂದರೆ, ‘ಒಳಗಡೆ ಬಗ್ಗಿ ನೋಡಿ ಸಾರ್, ತಂತಿ ಕಾಣ್ತಾ ಇದೆ. ಹಾಕ್ಸಿ ನಾಲ್ಕೇ ತಿಂಗಳು’ ಅಂದ. ಹೊರಗಿನಿಂದ ಮುಂದಿನ ಎರಡೂ ಟೈರು ಹೊಸದರಂತೆಯೇ ಇವೆ. ಒಳಮಗ್ಗುಲು ಮಾತ್ರ ಬೋಳು. ಗಾಡಿ ಮೇಲೆ ಸಾಲ, ತಿಂಗಳು ತಿಂಗಳು ಕಂತು, ಅದರ ಮೇಲೆ ಟೈರಿಗೆಂದು ಹನ್ನೆರಡು ಸಾವಿರದ ಕೈಸಾಲ. ಟೈರು ಮಾರಿದ ಅಂಗಡಿಯವನ ಉತ್ತರವೇನು? ‘ಆ ಕಂಪನಿ ಮಾಲೇ ಹಂಗೆ, ಈ ಸಲ ಬೇರೇದು ಹಾಕ್ಸು.’

ಇದು ಇವನೊಬ್ಬನ ಕಥೆಯಲ್ಲ ಓದುಗರೇ. ಸವೆದಾಗ ಟೈರು ಬದಲಿಸುತ್ತೇವೆ, ಯಾಕೆ ಸವೆಯಿತು ಎಂದು ಕೇಳುವುದಿಲ್ಲ. ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಿದ ಹಾಗೆ!

ಮೇಸ್ತ್ರಿಯ ಅಂಗೈ

ಹೆದ್ದಾರಿ ಪಕ್ಕದ ಹಳೇ ಮೇಸ್ತ್ರಿಯೊಬ್ಬರ ಬಳಿ ಗಾಡಿ ಹೋಯಿತು. ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಸವರಿದರು, ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ. ‘ನೋಡಪ್ಪ, ಒಂದ್ ಕಡೆ ನುಣ್ಣಗೆ ಹೋಗ್ತದೆ, ಇನ್ನೊಂದ್ ಕಡೆ ಗರಗಸದಂಗೆ ಕೀಳ್ತದೆ. ಚಕ್ರ ನೇರ ಉರುಳ್ತಾ ಇಲ್ಲ, ಉಜ್ಜಿಕೊಂಡು ಹೋಗ್ತಾ ಇದೆ.’

ಮುಂದಿನ ಎರಡು ಚಕ್ರ ಒಂದಕ್ಕೊಂದು ಸರಿಯಾದ ನೇರದಲ್ಲಿರಬೇಕು. ಇದಕ್ಕೆ ಟೋ ಎಂದು ಹೆಸರು. ಚಕ್ರವೊಂದು ತನ್ನ ದಾರಿಗಿಂತ ಒಂದೇ ಒಂದು ಡಿಗ್ರಿ ಓರೆಯಾದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಅಡ್ಡಕ್ಕೆ ಎಳೆದಂತೆ ಲೆಕ್ಕ. ಡಾಂಬರಿನ ಮೇಲೆ ರಬ್ಬರನ್ನು ದಿನವಿಡೀ ಹೀಗೆ ಉಜ್ಜಿದರೆ ಉಳಿಯುವುದೇನು?

‘ಅಲೈನ್‌ಮೆಂಟ್ ಎರಡ್ ಸಲ ಮಾಡ್ಸಿದೀನಿ ಮೇಸ್ತ್ರಿ’ ಎಂದ ಚಾಲಕ. ಮೇಸ್ತ್ರಿ ಜಾಕ್ ಕೊಟ್ಟು ಮುಂಭಾಗ ಎತ್ತಿ, ಚಕ್ರದ ಎಡಬಲ ಹಿಡಿದು ಅಲ್ಲಾಡಿಸಿದರು. ಕಟಕಟ ಸದ್ದು. ಟೈರಾಡ್ ಎಂಡ್ ಸವೆದು ಸಡಿಲವಾಗಿತ್ತು. ‘ಜಾಯಿಂಟೇ ಕುಣೀತಾ ಇದ್ರೆ ಅಲೈನ್‌ಮೆಂಟ್ ನಿಲ್ಲೋದೆಲ್ಲಿ? ಮಷೀನ್ ಮೇಲೆ ಸರಿ, ರೋಡ್ ಮೇಲೆ ಮತ್ತೆ ಓರೆ.’ ಎಡಬಲ ಹಿಡಿದಾಗ ಅಲ್ಲಾಡಿದರೆ ಬಹುಪಾಲು ಸ್ಟೀರಿಂಗಿನ ಜಾಯಿಂಟು; ಮೇಲೆ ಕೆಳಗೆ ಹಿಡಿದಾಗ ಅಲ್ಲಾಡಿದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ ಎಂದು ಅವರೇ ತೋರಿಸಿಕೊಟ್ಟರು. ಮೊದಲು ಇದು ಸರಿಯಾಗಬೇಕು, ಅಲೈನ್‌ಮೆಂಟ್ ಆಮೇಲೆ.

ಸವೆತದ ಭಾಷೆ

ಗಾಡಿ ಇಟ್ಟವರೆಲ್ಲ ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಟೈರಿನ ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಲೋಡು ಜಾಸ್ತಿ. ನಡುವೆ ಸವೆದು ಅಂಚು ಉಳಿದಿದ್ದರೆ ಗಾಳಿ ಹೆಚ್ಚು. ಒಂದೇ ಮಗ್ಗುಲು ಸವೆದು, ಕೈಗೆ ಗರಗಸ ಸಿಗದಿದ್ದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿದೆ. ಬಾಗಿದ ಭಾಗ ಅಥವಾ ಸವೆದ ಬುಷ್ ಹುಡುಕಿ. ಅಲ್ಲಲ್ಲಿ ಬೋಗುಣಿಯಂತೆ ಹಳ್ಳ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಚಕ್ರದ ಬ್ಯಾಲೆನ್ಸ್ ಇಲ್ಲ. ಒಂದೇ ಜಾಗ ತಟ್ಟೆಯಂತೆ ಚಪ್ಪಟೆಯಾಗಿದ್ದರೆ ಬ್ರೇಕು ಹಿಡಿದು ಚಕ್ರ ಜಾರಿದೆ.

ಹಿಂದಿನ ಟೈರನ್ನು ಮರೆಯಬೇಡಿ. ಸ್ಪ್ರಿಂಗ್ ಪ್ಲೇಟಿನ ಯು-ಬೋಲ್ಟ್ ಸಡಿಲಾದರೆ ಹಿಂದಿನ ಆಕ್ಸಲ್ಲೇ ಸರಿಯುತ್ತದೆ. ಆಗ ಹಿಂದಿನಿಂದ ನೋಡಿದವರಿಗೆ ಗಾಡಿ ಏಡಿಯಂತೆ ಅಡ್ಡಡ್ಡ ಹೋಗುವುದು ಕಾಣುತ್ತದೆ. ಓಡಿಸುವವನಿಗೆ ಕಾಣುವುದಿಲ್ಲ!

ಬಾಕ್ಸಿನ ಲೆಕ್ಕ

ಇನ್ನು ನಮ್ಮ ಕಡೆಯ ಸ್ವಂತ ರೋಗ, ಲೋಡು. ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆ.ಜಿ. ಹಿಡಿಯಿರಿ. ನೂರು ಬಾಕ್ಸಿಗೆ ಒಂದೂವರೆ ಟನ್. ಆ ಗಾಡಿಗೆ ಹೊರಲು ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ. ‘ನೂರೈವತ್ತು ಹಾಕ್ತೀವಿ ಸಾರ್, ಇಲ್ಲಾಂದ್ರೆ ಬಾಡಿಗೆ ಗಿಟ್ಟಲ್ಲ’ ಅಂದ ಚಾಲಕ. ಅಂದರೆ ಎರಡೂಕಾಲು ಟನ್. ಖಾಲಿ ಬಾಕ್ಸಿನ ತೂಕ ಬೇರೆ. ಅವನ ಮಾತೂ ಸುಳ್ಳಲ್ಲ. ಬಾಡಿಗೆ ಇಳಿಸುವ ಪೈಪೋಟಿಯಲ್ಲಿ ಗಾಡಿ ತುಂಬಿಸುವವರು ಬೇರೆ, ಟೈರು ಕೊಳ್ಳುವವರು ಬೇರೆ. 2019ರ ತಿದ್ದುಪಡಿಯ ಮೇಲೆ ಹೆಚ್ಚು ಲೋಡಿಗೆ ದಂಡ 20 ಸಾವಿರ, ಮೇಲಿನ ಪ್ರತಿ ಟನ್ನಿಗೆ ಮತ್ತೆ ಎರಡು ಸಾವಿರ. ಅದೂ ಕಟ್ಟಬೇಕಾದವರು ಗಾಡಿಯವರೇ.

ಅಷ್ಟು ಲೋಡಿನ ಜೊತೆ ಗಾಳಿಯೂ ಕಡಿಮೆ ಇದ್ದರೆ ಟೈರಿನ ಮಗ್ಗುಲು ಮಡಿದು ಮಡಿದು ಕಾಯುತ್ತದೆ. ಕಾದ ಟೈರು ಹೆದ್ದಾರಿಯಲ್ಲಿ ಒಡೆದರೆ? ಕ್ಯಾಬಿನ್‌ನಲ್ಲಿ ಚಾಲಕನ ಜೊತೆ ಬೆಳೆ ಬೆಳೆದ ರೈತನೂ ಕೂತಿರುತ್ತಾನೆ, ಬಾಕ್ಸಿನ ಮೇಲೆ ಕೂಲಿ ಹುಡುಗರೂ ಇರುತ್ತಾರೆ. ಆಮೇಲೆ ಹನ್ನೆರಡು ಸಾವಿರದ ಮಾತು ಯಾರಿಗೆ ಬೇಕು?

ಗಾಳಿ ನೋಡಬೇಕಾದ್ದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಲೋಡಿಗೆ ಎಷ್ಟು, ಖಾಲಿಗೆ ಎಷ್ಟು ಎಂಬುದು ಗಾಡಿಯ ಪುಸ್ತಕದಲ್ಲಿದೆ. ದಾರಿಯಲ್ಲಿ ಕಾದು ಒತ್ತಡ ಏರಿತೆಂದು ಗಾಳಿ ಬಿಡುವುದು ತಪ್ಪು. ತಣಿದ ಮೇಲೆ ಅದು ಕಡಿಮೆಯಾಗಿಯೇ ನಿಲ್ಲುತ್ತದೆ. ಕಾನೂನಿನ ಪ್ರಕಾರ ಟೈರಿನ ಕಚ್ಚು 1.6 ಮಿ.ಮೀ. ಆದರೂ ಇರಬೇಕು. ಕಚ್ಚಿನ ತಳದಲ್ಲಿ ಸಣ್ಣ ದಿಬ್ಬಗಳಿವೆ. ಸವೆತ ಅವುಗಳ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಷ್ಯ ಮುಗಿಯಿತು. ಒಳಮಗ್ಗುಲಲ್ಲಿ ಮುಗಿದರೂ ಮುಗಿದಂತೆಯೇ, ಹೊರಮಗ್ಗುಲು ಎಷ್ಟೇ ಚೆನ್ನಾಗಿರಲಿ.

ನಮ್ಮ ಚಾಲಕನಿಗೆ ಟೈರಾಡ್ ಎಂಡ್ ಎರಡೂ ಹೊಸದಾಗಿ ಬಿದ್ದವು. ಅದರ ಮೇಲೆ ಅಲೈನ್‌ಮೆಂಟ್ ಆಯಿತು. ಎಲ್ಲಾ ಸೇರಿ ಒಂದು ಟೈರಿನ ಅರ್ಧ ಬೆಲೆಯೂ ಆಗಲಿಲ್ಲ. ನಾಲ್ಕು ತಿಂಗಳ ಹಿಂದೆಯೇ ಯಾರಾದರೂ ಚಕ್ರ ಅಲ್ಲಾಡಿಸಿ ನೋಡಿದ್ದರೆ ಎರಡು ಟೈರು ಉಳಿಯುತ್ತಿದ್ದವು.

ಮಾರುಕಟ್ಟೆ ನಡೆಸುವವರಿಗೊಂದು ಮಾತು. ಗಾಡಿಯಿಂದ ಪ್ರವೇಶ ಶುಲ್ಕ ಕೇಳುವ ಕಡೆ ಗಾಳಿ ಹಿಡಿಯುವ ಮಷೀನು, ಸರಿಯಾದ ಗೇಜು ಒಂದನ್ನು ಇಟ್ಟರೆ ಯಾರ ಗಂಟು ಹೋಗುತ್ತದೆ? ಚಾಲಕ ಬಂಧುಗಳಿಗೂ ಒಂದು ಮಾತು: ಲೋಡು ಇಳಿಯುವವರೆಗೆ ಟೀ ಕುಡಿಯುತ್ತೀರಲ್ಲ, ಟೀ ಮುಗಿಸಿ ಒಮ್ಮೆ ಬಗ್ಗಿ ಒಳಮಗ್ಗುಲಿಗೆ ಕೈ ಹಾಕಿ ನೋಡಿ. ಅದಕ್ಕೆ ಕಾಸಿಲ್ಲ.