ಕೌಂಟ್ ಇಳಿದ ಮಗುವಿನ ಹೊಟ್ಟೆನೋವು

‘ಅಪೆಂಡಿಸೈಟಿಸ್‌ಗೆ ಈಗ ಆಪರೇಷನ್ ಬೇಡವಂತೆ, ಆಂಟಿಬಯಾಟಿಕ್ ಸಾಕಂತೆ. ರಕ್ತದ ಕ್ಯಾನ್ಸರ್‌ಗೆ ಕಿಮೊಥೆರಪಿ ಪಡೆಯುತ್ತಿರುವ ಮಕ್ಕಳಿಗೂ ಇದು ಸರಿಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಸುದ್ದಿ ಸುಳ್ಳಲ್ಲ. 2015ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ಆಂಟಿಬಯಾಟಿಕ್ ಮಾತ್ರ ಪಡೆದವರ ಪೈಕಿ ಸುಮಾರು ಶೇ 73 ಮಂದಿಗೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಶೇ 39 ಮಂದಿಗೆ ಕಾಯಿಲೆ ಮರಳಿ ಬಂದಿತ್ತು. ತಲೆಬರಹಗಳಲ್ಲಿ ಈ ಎರಡನೇ ಸಂಖ್ಯೆ ಕಾಣುವುದು ಅಪರೂಪ. ಅಲ್ಲಿದ್ದವರು ಬೇರೆ ಗಂಭೀರ ಕಾಯಿಲೆಯಿಲ್ಲದ ವಯಸ್ಕರು ಎಂಬುದಂತೂ ಯಾರ ಗಮನಕ್ಕೂ ಬರುವುದಿಲ್ಲ. ಕಿಮೊ ವಾರ್ಡಿನ ಮಗುವಿನ ಲೆಕ್ಕವೇ ಬೇರೆ.

ರಾತ್ರಿ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಮಾಳದ ಮೇಲಿನ ಕಾವಲುಗಾರ ಡಬ್ಬ ಬಡಿದು ಕೂಗುತ್ತಾನೆ. ಊರಿಗೆ ಕೇಳುವುದು ಹಂದಿಯ ಸದ್ದಲ್ಲ, ಅವನ ಕೂಗು. ಮಾಳ ಖಾಲಿಯಿದ್ದ ರಾತ್ರಿ ಹಂದಿ ಬಂದರೂ ಊರು ನಿದ್ದೆಯಲ್ಲಿರುತ್ತದೆ; ಸದ್ದಿಲ್ಲವೆಂದರೆ ಹೊಲ ಸುರಕ್ಷಿತವೆಂದಲ್ಲ. ದೇಹದಲ್ಲಿ ಆ ಕಾವಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ್ದು. ಬಾವು, ಕೀವು, ಮುಟ್ಟಿದರೆ ಸೆಟೆದುಕೊಳ್ಳುವ ಹೊಟ್ಟೆ, ಇವೆಲ್ಲ ಬಹುಪಾಲು ಅದರ ಗದ್ದಲವೇ. ವಯಸ್ಕರ ಅಸ್ಥಿಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ಕಿಮೊಥೆರಪಿ ಆ ಕಾರ್ಖಾನೆಯನ್ನೇ ಕೆಲಕಾಲ ನಿಲ್ಲಿಸುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವುಗಳ ಸಂಖ್ಯೆ, ಅಂದರೆ ‘ಕೌಂಟ್’, 500ಕ್ಕಿಂತ ಕೆಳಗಿಳಿದರೆ ಅಪಾಯ. ಜೊತೆಗೆ ಕೊಡುವ ಸ್ಟೀರಾಯ್ಡ್ ಉಳಿದ ಲಕ್ಷಣಗಳನ್ನೂ ಮುಚ್ಚಿಡುತ್ತದೆ. ವಿನ್‌ಕ್ರಿಸ್ಟೀನ್ ಎಂಬ ಕಿಮೊ ಔಷಧ ತಾನೇ ಮಲಬದ್ಧತೆ, ಹೊಟ್ಟೆನೋವು ತರುತ್ತದೆ.

ನೋವಿನ ಮೂಲ ಅಪೆಂಡಿಕ್ಸೇ ಎಂದೂ ಹೇಳುವಂತಿಲ್ಲ. ಇದರ ಹಿಂದೊಂದು ಸ್ವಾರಸ್ಯಕರ ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ವೈದ್ಯರು ಬಲ ಕಿಬ್ಬೊಟ್ಟೆಯ ನೋವನ್ನು ದೊಡ್ಡ ಕರುಳಿನ ಮೊದಲ ಭಾಗವಾದ ಸೀಕಮ್‌ನ ತಲೆಗೆ ಕಟ್ಟುತ್ತಿದ್ದರು. 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ನಿಜವಾದ ಅಪರಾಧಿ ಅದಕ್ಕಂಟಿದ ಅಪೆಂಡಿಕ್ಸ್ ಎಂದು ತೋರಿಸಿದರು. ಸೀಕಮ್ ಖುಲಾಸೆಯಾಯಿತು, ಟಿಫ್ಲೈಟಿಸ್ ಎಂಬ ಹಳೆಯ ರೋಗನಾಮ ಮೂಲೆಗೆ ಸರಿಯಿತು. 1970ರಲ್ಲಿ ಹ್ಯೂಸ್ಟನ್ನಿನ ವೈದ್ಯರು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳನ್ನು ವರದಿ ಮಾಡುವಾಗ ಅದೇ ಹೆಸರನ್ನು ಮತ್ತೆ ಕೈಗೆತ್ತಿಕೊಂಡರು. ಈ ಮಕ್ಕಳಲ್ಲಿ ಸೀಕಮ್ಮೇ ನಿಜಕ್ಕೂ ಊದಿಕೊಂಡಿತ್ತು.

ಟಿಫ್ಲೈಟಿಸ್ ಆದರೆ ಕರುಳಿಗೆ ವಿಶ್ರಾಂತಿ ಕೊಟ್ಟು, ರಕ್ತನಾಳದ ಮೂಲಕ ದ್ರವ ಮತ್ತು ಬಲವಾದ ಆಂಟಿಬಯಾಟಿಕ್ ಕೊಡುತ್ತಾರೆ. ಕರುಳು ತೂತಾಗುವುದು, ರಕ್ತಸ್ರಾವ ನಿಲ್ಲದಿರುವುದು ಮುಂತಾದ ಸಂದರ್ಭಗಳಲ್ಲಿ ಮಾತ್ರ ಶಸ್ತ್ರಚಿಕಿತ್ಸೆ. ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್‌ಗಳಲ್ಲಿ ಕರುಳಿನ ಗೋಡೆ ದಪ್ಪಗಾಗಿದೆಯೇ, ಅಪೆಂಡಿಕ್ಸ್ 6 ಮಿ.ಮೀ.ಗಿಂತ ಅಗಲವಾಗಿದೆಯೇ ಎಂದು ನೋಡಿ ಎರಡು ಕಾಯಿಲೆಗಳನ್ನೂ ಬೇರ್ಪಡಿಸಿ ಗುರುತಿಸಬೇಕು.

ಅಪೆಂಡಿಸೈಟಿಸ್ ಎಂದು ಖಚಿತವಾದರೂ ಆಂಟಿಬಯಾಟಿಕ್ ಮೊದಲು ಶುರುವಾಗಲೇಬೇಕು. ಪ್ರಶ್ನೆ ಏಳುವುದು ಆಮೇಲೆ. ಕೌಂಟ್ ಏರುವವರೆಗೆ ಕಾಯೋಣವೆಂದರೆ ಅಷ್ಟರಲ್ಲಿ ಅಪೆಂಡಿಕ್ಸ್ ಒಡೆಯಬಹುದು. ಔಷಧದಿಂದ ಶಮನವಾಯಿತೆಂದು ಬಿಟ್ಟರೂ ಸಾಮಾನ್ಯ ಬಗೆಯ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆ ಎರಡು ಮೂರು ವರ್ಷ ನಡೆಯುತ್ತದೆ. ಕೌಂಟ್ ಮತ್ತೆ ಮತ್ತೆ ಇಳಿಯುತ್ತದೆ. ಒಮ್ಮೆ ಕೆಟ್ಟ ಅಪೆಂಡಿಕ್ಸ್ ಅಷ್ಟೂ ಕಾಲ ಒಳಗೇ ಉಳಿದಿರುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕೊಟ್ಟು, ಸಣ್ಣ ರಂಧ್ರಗಳ ಲ್ಯಾಪರೊಸ್ಕೋಪಿಯಿಂದ ಅದನ್ನು ತೆಗೆದುಬಿಡುವತ್ತ ಅನೇಕ ಶಸ್ತ್ರಚಿಕಿತ್ಸಕರು ಒಲವು ತೋರುತ್ತಾರೆ. ಅದು ಸರಿಯಾದ ವಿವೇಚನೆ ಎಂದೇ ನನ್ನ ಭಾವನೆ. ಆದರೂ ಮಗುವಿನ ಕ್ಯಾನ್ಸರ್ ವೈದ್ಯರು, ಶಸ್ತ್ರಚಿಕಿತ್ಸಕರು ಕೂಡಿ ನಿರ್ಧರಿಸಬೇಕಾದ ಮಾತು ಇದು. ಪತ್ರಿಕೆಯ ತಲೆಬರಹ ನೋಡಿ ಅಲ್ಲ.

ತಂದೆತಾಯಿಯರಲ್ಲಿ ನನ್ನ ಮನವಿ ಇಷ್ಟು. ಕಿಮೊ ಪಡೆಯುತ್ತಿರುವ ಮಗು ಹೊಟ್ಟೆನೋವೆಂದರೆ ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ 100.4) ಮುಟ್ಟಿದರೆ, ಬೆಳಗಾಗಲೆಂದು ಕಾಯಬೇಡಿ. ವೈದ್ಯರನ್ನು ಕೇಳದೆ ಪ್ಯಾರಸಿಟಮಾಲ್ ಕೊಡಬೇಡಿ, ಎನಿಮಾ ಹಾಕಬೇಡಿ. ನಡುರಾತ್ರಿಯಾದರೂ ಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.