ಮೈನಸ್ ಮೂವತ್ತರಲ್ಲಿ ಫೋನು, ಮತ್ತು ಅಪ್ಪನ ದನಿ

ವಿನ್ನಿಪೆಗ್‌ನಲ್ಲಿ ಮತ್ತೆ ಚಳಿ ಶುರುವಾಗಿದೆ. ಊರಿಂದ ಹೊಸದಾಗಿ ಬಂದವರಿಗೆ ಜಾಕೆಟ್ಟು, ಬೂಟು, ಟೊಪ್ಪಿಗೆ ಎಲ್ಲಿ ಕೊಳ್ಳಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಫೋನಿನ ಬಗ್ಗೆ ಮಾತ್ರ ಯಾರೂ ಹೇಳೋದಿಲ್ಲ. ಲೆಕ್ಕಪತ್ರ ನನ್ನ ಹೊಟ್ಟೆಪಾಡು, ತಂತ್ರಜ್ಞಾನ ನನ್ನ ಹುಚ್ಚು. ಈ ತಿಂಗಳು ಹುಚ್ಚಿನ ಕಡೆಯಿಂದ ನಾಲ್ಕು ಮಾತು.

ಬಸ್ ಸ್ಟಾಪಿನಲ್ಲಿ ನಿಂತಿರ್ತೀರಿ. ಫೋನು ಶೇಕಡಾ 40 ಚಾರ್ಜ್ ತೋರಿಸ್ತಾ ಇರುತ್ತೆ. ಬಸ್ಸು ಎಲ್ಲಿಗೆ ಬಂತು ಅಂತ ನೋಡೋಕೆ ಹೊರಗೆ ತೆಗೆದಿರೋ, ಸ್ವಲ್ಪ ಹೊತ್ತಿನಲ್ಲೇ ಪರದೆ ಕಪ್ಪು. ಮನೆಗೆ ಬಂದು ಬೆಚ್ಚಗಾದ ಮೇಲೆ ಆನ್ ಮಾಡಿದರೆ ಅದೇ ಫೋನು ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ 30ರ ಮೇಲೆ ತೋರಿಸುತ್ತೆ. ಫೋನು ಕೆಟ್ಟಿದೆ ಅಂತ ಹೊಸದು ತಗೊಂಡವರೂ ನಮ್ಮಲ್ಲಿದ್ದಾರೆ. ಅದು ಕೆಟ್ಟಿರೋದಿಲ್ಲ. ಲಿಥಿಯಂ ಬ್ಯಾಟರಿಯ ಒಳಗಿನ ದ್ರವ ಚಳಿಗೆ ಜೇನಿನ ಹಾಗೆ ಮಂದವಾಗುತ್ತೆ, ಒಳಗಿನ ತಡೆ ಜಾಸ್ತಿಯಾಗುತ್ತೆ, ವೋಲ್ಟೇಜು ಕುಸಿಯುತ್ತೆ, ಫೋನು ತನ್ನನ್ನು ತಾನೇ ಆರಿಸಿಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ದುಡ್ಡು ಖಾತೆಯಲ್ಲೇ ಇದೆ, ಕೌಂಟರ್ ಮುಚ್ಚಿದೆ, ಅಷ್ಟೆ. ಐಫೋನ್ ಬಳಸೋಕೆ ಆಪಲ್ ಹೇಳುವ ಮಿತಿ 0ಯಿಂದ 35 ಡಿಗ್ರಿ. ನಮ್ಮ ಜನವರಿಗೆ ಆ ಸೊನ್ನೆ ಅಂದರೆ ಬೇಸಿಗೆ!

ಫೋನನ್ನು ಜಾಕೆಟ್ಟಿನ ಹೊರಜೇಬಿನಲ್ಲಿ ಇಡಬೇಡಿ, ಒಳಗೆ ಅಂಗಿಗೆ ಹತ್ತಿರ ಇಡಿ. ತಣ್ಣಗೆ ಕೊರೆಯುತ್ತಿರುವ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಪದರ ಕಟ್ಟುತ್ತೆ, ಆ ನಷ್ಟ ಬೆಚ್ಚಗಾದರೂ ತುಂಬೋದಿಲ್ಲ. ರಾತ್ರಿ ಪಾಳಿ ಮುಗಿಸಿ ಒಬ್ಬರೇ ಬಸ್ಸಿಗೆ ಕಾಯುವವರು ಇದನ್ನು ತಮಾಷೆ ಅಂತ ಬಿಡಬಾರದು. ವಿಂಡ್‌ಚಿಲ್ ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು, ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಅಂತ ಇಲ್ಲಿನ ಹವಾಮಾನ ಇಲಾಖೆಯೇ ಹೇಳುತ್ತೆ. ಅಂಥ ಹೊತ್ತಲ್ಲಿ ಟ್ಯಾಕ್ಸಿ ಕರೆಯೋಕೆ ಫೋನು ಇಲ್ಲ ಅಂದರೆ ಏನು ಗತಿ?

ಅಂದಹಾಗೆ ಆ್ಯಪಿನಲ್ಲಿ ಎರಡು ಅಂಕೆ ಬರುತ್ತಲ್ಲ, ಒಂದು ತಾಪಮಾನ, ಇನ್ನೊಂದು ವಿಂಡ್‌ಚಿಲ್. ಎರಡನೆಯದು ನಮ್ಮ ಮೈಗೆ. ಫೋನಿಗೂ ಕಾರಿಗೂ ಮೊದಲನೆಯದೇ ಲೆಕ್ಕ. ಗಾಳಿ ಬೀಸಿದರೆ ಅವು ಬೇಗ ತಣ್ಣಗಾಗುತ್ತವೆ, ಆದರೆ ಗಾಳಿಯ ನಿಜವಾದ ತಾಪಮಾನಕ್ಕಿಂತ ಕೆಳಗೆ ಹೋಗೋದಿಲ್ಲ.

ಚಳಿಗಾಲದಲ್ಲಿ ಇಲ್ಲಿ ಹಗಲು ಎಂಟು ಗಂಟೆ ಚಿಲ್ಲರೆ. ನಾಲ್ಕೂವರೆಗೆ ಕತ್ತಲು. ಆಮೇಲೆ ಏನು ಮಾಡ್ತೀವಿ? ಫೋನು ಹಿಡ್ಕೊಂಡು ಸೋಫಾ ಮೇಲೆ ಕೂರ್ತೀವಿ. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಊರಿಗೂ ನಮಗೂ ಹನ್ನೊಂದೂವರೆ ಗಂಟೆ ಅಂತರ. ನಾವು ಏಳು ಗಂಟೆಗೆ ಊಟಕ್ಕೆ ತಟ್ಟೆ ಹಾಕುವಾಗ ಅಲ್ಲಿ ಮಾರನೇ ದಿನ ಬೆಳಗ್ಗೆ ಆರೂವರೆ. ನಾಳೆಯ ಪೇಪರನ್ನು ಇವತ್ತೇ ರಾತ್ರಿ ಓದೋ ಭಾಗ್ಯ ಶಿವಮೊಗ್ಗದಲ್ಲಿದ್ದಾಗ ನನಗಿರಲಿಲ್ಲ. ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಶುಭೋದಯಗಳ ಮೆರವಣಿಗೆ ಶುರು. ಗುಲಾಬಿ ಹೂವು, ಸೂರ್ಯೋದಯ, ದೇವರ ಪಟ, ಕಾಫಿ ಲೋಟ. ನಾವು ಮಲಗೋ ತಯಾರಿಯಲ್ಲಿದ್ದಾಗ ಐದು ಗುಂಪಿನಿಂದ ಎಪ್ಪತ್ತು ಶುಭೋದಯ. ಪ್ರೀತಿಯಿಂದ ಕಳಿಸ್ತಾರೆ, ಬೇಡ ಅನ್ನೋಕಾಗಲ್ಲ. ಆದರೆ ಅವುಗಳ ಬೆಲೆ ಎಷ್ಟು ಅಂತ ನನಗೆ ಗೊತ್ತಾಗಿದ್ದು ಹೋದ ಚಳಿಗಾಲದಲ್ಲಿ.

ಹಾಸನದ ಕಡೆಯ ಸ್ನೇಹಿತರೊಬ್ಬರು, ಇಲ್ಲಿ ಟ್ರಕ್ ಓಡಿಸ್ತಾರೆ. ಹೆಸರು ಬೇಡ ಅಂದಿದ್ದಾರೆ, ವಿಷಯ ಬರೆಯಿರಿ ಅಂದಿದ್ದಾರೆ. ಅವರ ತಂದೆ ಶ್ರಾವಣದಲ್ಲಿ ತೀರಿಕೊಂಡರು. ಟೈಪ್ ಮಾಡೋಕೆ ಬಾರದ ಹಿರಿಯರು, ಹೇಳೋದನ್ನೆಲ್ಲ ಧ್ವನಿ ಸಂದೇಶದಲ್ಲೇ ಹೇಳ್ತಿದ್ದರು. ಜನವರಿಯಲ್ಲಿ ಒಂದು ರಾತ್ರಿ ಇವರ ಫೋನು ಟ್ರಕ್ಕಿನ ಡ್ಯಾಶ್‌ಬೋರ್ಡ್ ಮೇಲೆ ಉಳಿದುಬಿಟ್ಟಿತು. ಬೆಳಗ್ಗೆ ತಂದು ಬಿಸಿ ಅಡುಗೆಮನೆಯಲ್ಲಿಟ್ಟು ಕೂಡಲೇ ಆನ್ ಮಾಡಿದರು. ಹೊರಗಿಂದ ಬಂದಾಗ ಕನ್ನಡಕ ಮಂಜಾಗುತ್ತಲ್ಲ, ಅದೇ ನೀರು ಫೋನಿನ ಒಳಗೂ ಕೂರುತ್ತೆ. ಸ್ವಲ್ಪ ಹೊತ್ತು ಉರಿದು ಆರಿದ ಫೋನು ಮತ್ತೆ ಏಳಲಿಲ್ಲ. (ತಣ್ಣಗಿರುವ ಫೋನು, ಕ್ಯಾಮೆರಾ, ಲ್ಯಾಪ್‌ಟಾಪನ್ನು ಹೊರಗಿರುವಾಗಲೇ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ ಒಳಗೆ ತನ್ನಿ. ನೀರು ಚೀಲದ ಮೇಲೆ ಕೂರುತ್ತೆ. ಒಂದೆರಡು ಗಂಟೆ ಬಿಟ್ಟು ತೆಗೆಯಿರಿ.)

ರಿಪೇರಿ ಅಂಗಡಿಯವರು ಕೈಯೆತ್ತಿದರು. ಈಗಿನ ಫೋನುಗಳ ನೆನಪಿಗೆ ಬೀಗ ಇರುತ್ತೆ, ಬೀಗದ ಕೈ ಅದೇ ಬೋರ್ಡಿನಲ್ಲಿರುತ್ತೆ. ಬೋರ್ಡ್ ಸತ್ತರೆ ಚಿಪ್ಪನ್ನು ಮಾತ್ರ ಕಿತ್ತು ಓದೋಕೆ ಬರಲ್ಲ. ಸರಿ, ಬ್ಯಾಕಪ್ ಇರಬೇಕಲ್ಲ ಅಂತ ಹೊಸ ಫೋನಿಗೆ ಹಾಕಿದರು. ಬ್ಯಾಕಪ್ಪು ಕೊನೆಯದಾಗಿ ಆಗಿದ್ದು ಯುಗಾದಿಗೆ ಮುಂಚೆ. ಅಪ್ಪ ಹಾಸಿಗೆ ಹಿಡಿದಿದ್ದು ಯುಗಾದಿ ಆದಮೇಲೆ.

ಯಾಕೆ ನಿಂತಿತು ಅಂತ ನಾನೇ ಕೂತು ನೋಡಿದೆ. ಗೂಗಲ್ ಪುಕ್ಕಟೆ ಕೊಡೋ ಜಾಗ 15 ಜಿಬಿ. ಜಿಮೇಲ್, ಫೋಟೋ ಎಲ್ಲ ಅದರಲ್ಲೇ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪು ಮೊದಲು ಈ ಲೆಕ್ಕಕ್ಕೆ ಬರ್ತಿರಲಿಲ್ಲ, 2024ರಿಂದ ಬರುತ್ತೆ. ಜಾಗ ತುಂಬಿದ ದಿನ ಬ್ಯಾಕಪ್ಪು ನಿಂತಿತ್ತು. ಒಂದು ಸೂಚನೆ ಬಂದಿರುತ್ತೆ, ಹೆದ್ದಾರಿಯಲ್ಲಿ ಗಾಡಿ ಓಡಿಸುವ ಮನುಷ್ಯ ಅದನ್ನು ಯಾವಾಗ ಓದಬೇಕು? ತುಂಬಿದ್ದು ಏನು ಅಂದರೆ ಗುಲಾಬಿ ಹೂವು, ಸೂರ್ಯೋದಯ, ಕಾಫಿ ಲೋಟ. ಧ್ವನಿ ಸಂದೇಶ ಬಹಳ ಹಗುರ ರೀ. ಒಂದು ನಿಮಿಷದ ಮಾತು ಕ್ಯಾಮೆರಾದ ಒಂದು ಫೋಟೋದಷ್ಟೂ ಜಾಗ ತಿನ್ನಲ್ಲ. ಅಷ್ಟಕ್ಕೂ ಜಾಗ ಉಳಿದಿರಲಿಲ್ಲ.

ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಅಣ್ಣಾ, ಏನೂ ಮಾಡೋಕಾಗಲ್ವಾ?" ಅಂದರು. ಆಗ ನನ್ನ ಬಿಕಾಂ ಕೆಲಸಕ್ಕೆ ಬಂತು ನೋಡಿ. ಜೋಡಿ ನಮೂದು ಪದ್ಧತಿಯಲ್ಲಿ ಯಾವ ವ್ಯವಹಾರಕ್ಕೂ ಎರಡು ಬದಿ. ಇಲ್ಲಿ ಜಮಾ ಆಗಿದೆ ಅಂದರೆ ಎಲ್ಲೋ ಖರ್ಚು ಬಿದ್ದಿರಲೇಬೇಕು. ಸಂದೇಶ ಬಂದಿದ್ದು ಇವರ ಫೋನಿಗೆ ನಿಜ, ಹೋಗಿದ್ದು ಯಾರ ಫೋನಿನಿಂದ? "ಅಪ್ಪಾಜಿ ಫೋನು ಎಲ್ಲಿದೆ?" ಅಂತ ಕೇಳಿದೆ.

ಊರಿನ ಬೀರುವಿನಲ್ಲಿತ್ತು. ದೀಪಾವಳಿಗೆ ಎಕ್ಸ್‌ಚೇಂಜಿಗೆ ಕೊಡೋಕೆ ಒಯ್ದಿದ್ದರಂತೆ. ಪರದೆ ಸೀಳಿದೆ ಅಂತ ಅಂಗಡಿಯವರು ಬೇಡ ಅಂದಿದ್ದರಿಂದ ವಾಪಸ್ ಬಂದಿತ್ತು. ತಾತನ ಪ್ಯಾಟರ್ನ್ ಲಾಕು ಅಕ್ಕನ ಮಗನಿಗೆ ಗೊತ್ತಿತ್ತು. 120 ದಿನ ಬಳಸದೇ ಇದ್ದರೆ ವಾಟ್ಸಾಪ್ ಸಾಮಾನ್ಯವಾಗಿ ಖಾತೆಯನ್ನು ಅಳಿಸುತ್ತೆ, ಆ ಗಡುವು ಮುಗಿದಿತ್ತು. ಆದರೆ ಫೋನಿನ ಒಳಗಿನ ಕಡತಗಳನ್ನು ಅದು ಮುಟ್ಟೋದಿಲ್ಲ. ಹುಡುಗ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡ. ಯುಗಾದಿಯಿಂದ ಶ್ರಾವಣದವರೆಗೆ 212 ಸಂದೇಶ. ಕಡತದ ಹೆಸರಿನಲ್ಲೇ ತಾರೀಖು ಇರೋದರಿಂದ ಸಾಲಾಗಿ ಜೋಡಿಸೋಕೆ ಕಷ್ಟವಾಗಲಿಲ್ಲ. ಹೆಚ್ಚಿನವು ಮೆಣಸಿನ ರೇಟು, ಮಳೆ, ಪಕ್ಕದವರ ಬೇಲಿ ತಕರಾರು. "ದುಡ್ಡು ಕಳಿಸಬೇಡ, ನಿಂಗೇ ಇಟ್ಕೋ" ಅಂತ ಬೈದಿದ್ದು ಹತ್ತಾರು ಸಲ. ಒಂದರಲ್ಲಿ ಏನೂ ಹೇಳಿಲ್ಲ, ಹಿಂದೆ ಹಸು ಕೂಗೋದು ಮಾತ್ರ ಕೇಳುತ್ತೆ, ಬಹುಶಃ ಬೆರಳು ತಪ್ಪಿ ಒತ್ತಿದ್ದು. ಅದನ್ನೂ ಅವರು ಅಳಿಸಿಲ್ಲ.

ಕೆನಡಾದ ತೆರಿಗೆ ಇಲಾಖೆ ರಸೀದಿಗಳನ್ನು ಆರು ವರ್ಷ ಇಟ್ಕೊಳ್ಳಿ ಅನ್ನುತ್ತೆ, ನಾವು ಹೆದರಿ ಇಟ್ಕೊಳ್ತೀವಿ. ಇದಕ್ಕೆ ಕೇಳೋ ಇಲಾಖೆ ಇಲ್ಲ. ಆದ್ದರಿಂದ ಸಂಕ್ರಾಂತಿಗೋ ಬೇಸಿಗೆಗೋ ಊರಿಗೆ ಹೊರಟವರು ಸೂಟ್‌ಕೇಸಿನಲ್ಲಿ ಒಂದು ಕೇಬಲ್ಲು, ಒಂದು ಚಿಕ್ಕ ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳಿ. ಅಪ್ಪ ಅಮ್ಮನ ಫೋನು ಆಂಡ್ರಾಯ್ಡ್ ಆಗಿದ್ದರೆ ಕಂಪ್ಯೂಟರಿಗೆ ಜೋಡಿಸಿ, ಆಂಡ್ರಾಯ್ಡ್ ಅನ್ನೋ ಫೋಲ್ಡರ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್, ಹಾಗೇ ಒಳಗೆ ಹೋದರೆ ವಾಟ್ಸಾಪ್ ವಾಯ್ಸ್ ನೋಟ್ಸ್ ಅಂತ ಸಿಗುತ್ತೆ. ಪೂರ್ತಿ ಎತ್ತಿಕೊಳ್ಳಿ. ವಿಎಲ್‌ಸಿ ಪ್ಲೇಯರಿನಲ್ಲಿ ಕೇಳಬಹುದು. ಐಫೋನ್ ಆದರೆ ಆ ಚಾಟಿನಲ್ಲೇ ಎಕ್ಸ್‌ಪೋರ್ಟ್ ಚಾಟ್ ಇದೆ, ಮೀಡಿಯಾ ಸಮೇತ ಅಂತ ಒತ್ತಿ. ಗೂಗಲ್ ಖಾತೆಯನ್ನು ಎರಡು ವರ್ಷ ಯಾರೂ ತೆರೆಯದಿದ್ದರೆ ಗೂಗಲ್ ಅದನ್ನು ಅಳಿಸಬಹುದು. ಹಿರಿಯರ ಖಾತೆಯ ಪಾಸ್‌ವರ್ಡು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಶುಭೋದಯಗಳಿಗೆ ಪ್ರತಿ ಗುಂಪಿನ ಸೆಟ್ಟಿಂಗಿನಲ್ಲಿ ಗ್ಯಾಲರಿಗೆ ಇಳಿಯದ ಹಾಗೆ ಮಾಡೋ ಗುಂಡಿ ಇದೆ. ಫೋಟೋಗಳನ್ನು ತಾನಾಗಿ ಡೌನ್‌ಲೋಡ್ ಮಾಡೋದನ್ನೂ ಸ್ಟೋರೇಜ್ ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು. ಕಳಿಸಿದ ಚಿಕ್ಕಮ್ಮನಿಗೆ ಗೊತ್ತಾಗಲ್ಲ, ನೀವು ಬರೀ ಕೈಮುಗಿದ ಚಿಹ್ನೆ ಕಳಿಸ್ತಾ ಇರಿ.