ಸ್ನೋ-ಪೌಡರ್ ಅಂಗಡಿಗೆ ರೊಕ್ಕ ಎಷ್ಟು ಬೇಕ್ರೀ?

ಹುಬ್ಬಳ್ಳಿ: ಸಂಜೆ ಐದು ಹೊಡೆಯಿತೆಂದರೆ ದುರ್ಗದಬೈಲಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಒಂದು ಕಡೆ ಗಿರಮಿಟ್ಟು-ಮಿರ್ಚಿಯ ಘಮಘಮ, ಇನ್ನೊಂದು ಕಡೆ ಬಳೆ, ಟಿಕಳಿ, ಕ್ಲಿಪ್ಪು, ಪೌಡರ್ ಡಬ್ಬಿಗಳ ಝಗಝಗ. ಬಸ್ಸಿಗೆ ಇನ್ನೂ ಅರ್ಧ ತಾಸು ಇದೆ ಎಂದು ಹಾಗೇ ಒಂದು ಸುತ್ತು ಬಂದವರೂ ಬರಿಗೈಯಲ್ಲಿ ಹೋಗುವುದಿಲ್ಲ. ಹತ್ತು ರೂಪಾಯಿಯ ಟಿಕಳಿ ಪಾಕೀಟಾದರೂ ಚೀಲ ಸೇರುತ್ತದೆ.

ಈ ನೂಕುನುಗ್ಗಲು ಕಂಡವರ ತಲೆಯಲ್ಲಿ ಒಂದು ವಿಚಾರ ಸುಳಿಯುವುದು ಸಹಜ. 'ನಾವೂ ಇಂಥಾದ್ದೊಂದು ಅಂಗಡಿ ಇಟ್ಟರ ಹೆಂಗ?' ಮನೆಯಲ್ಲಿ ಭಿಶಿ ಎತ್ತಿದ ರೊಕ್ಕ ಇದೆ, ಪಿಗ್ಮಿ ತುಂಬಿದ್ದು ಇದೆ, ಕಡಿಮೆ ಬಿದ್ದರೆ ಕೊರಳಲ್ಲಿ ಎರಡೆಳೆ ಬಂಗಾರವೂ ಇದೆ. ಹೀಗೆ ಕೂಡಿಸಿದ ರೊಕ್ಕ ಹೋದರೆ ಬ್ಯಾಂಕಿನವರಿಗಿಂತ ಮೊದಲು ಮನೆಯವರಿಗೆ ಉತ್ತರ ಹೇಳಬೇಕಾಗುತ್ತದೆ. ಆದ್ದರಿಂದ ರಿಬ್ಬನ್ ಕತ್ತರಿಸುವುದಕ್ಕೆ ಮುಂಚೆ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕೂಡುವುದು ಒಳ್ಳೆಯದು.

ಮೂರು ಲಕ್ಷದ ಲೆಕ್ಕ

ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಕೈಯಲ್ಲಿ 3 ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಬಾಡಿಗೆ, ಮುಂಗಡ ಗಲ್ಲಿಯಿಂದ ಗಲ್ಲಿಗೆ ಬೇರೆ. ಬೈಲಿನ ಮುಖಕ್ಕೆ ಒಂದು ದರ, ಒಳ ಓಣಿಗೆ ಇನ್ನೊಂದು ದರ. ಕೆಳಗಿನದು ಒಂದು ಮಾದರಿ ಮಾತ್ರ. ಅಂಕಿ ತಮ್ಮ ತಮ್ಮವು ಹಾಕಿಕೊಳ್ಳಬೇಕು, ಸಾಲುಗಳನ್ನು ಮಾತ್ರ ಬಿಡಬಾರದು.

ಅಂಗಡಿಯ ಮುಂಗಡ 60,000. ಗಾಜಿನ ಕೌಂಟರ್, ಕಪಾಟು, ಕನ್ನಡಿ, ದೀಪ, ಬೋರ್ಡು ಸೇರಿ 45,000. ಕಾಗದಪತ್ರಕ್ಕೆ 5,000. ಮೊದಲ ಮಾಲು 1 ಲಕ್ಷ. ತಿಂಗಳಿಗೆ 6,000 ಬಾಡಿಗೆ, 1,000 ಲೈಟ್ ಬಿಲ್ಲಿನಂತೆ ಆರು ತಿಂಗಳಿಗೆ 42,000. ಉಳಿದದ್ದು 48,000. ಇದು ಎರಡನೇ ಖರೀದಿಗೆ. ಒಟ್ಟು 3 ಲಕ್ಷ ಸರಿಹೋಯಿತು.

ಹೊಸಬರು ಎಡವುವುದು ಕೊನೆಯ ಎರಡು ಸಾಲಿನಲ್ಲಿ. ಆರು ತಿಂಗಳ ಬಾಡಿಗೆ ಮತ್ತು ಎರಡನೇ ಖರೀದಿ ಎಂಬ ಸಾಲುಗಳನ್ನು ಅವರು ಬರೆಯುವುದೇ ಇಲ್ಲ. 90,000 ರೂಪಾಯಿಯನ್ನೂ ಮಾಲಿಗೇ ಸುರಿಯುತ್ತಾರೆ. ಅಂಗಡಿ ತುಂಬಿ ಕಾಣಬೇಕು, ನೋಡಿದವರು ಹೌದೆನ್ನಬೇಕು ಎಂಬ ಆಸೆ. ಮೊದಲ ತಿಂಗಳು ತುಂಬಿಯೇ ಕಾಣುತ್ತದೆ. ಮೂರನೇ ತಿಂಗಳಿಗೆ ಓಡುವ ಮಾಲೆಲ್ಲ ಖಾಲಿ, ಓಡದ ಮಾಲು ಕಪಾಟಿನಲ್ಲಿ ಭರ್ತಿ, ಗಲ್ಲೆ ಬರಿದು!

ಡಜನ್ನಿಗೆ ಒಂದು ಪುಕ್ಕಟೆ

'ಅಕ್ಕಾರ, ಹನ್ನೆರಡು ತಗೊಂಡ್ರ ಒಂದು ಪುಕ್ಕಟೆ ಐತ್ರಿ, ಈ ವಾರ ಅಷ್ಟ' ಎಂಬುದು ಸಗಟು ಅಂಗಡಿಯ ಹಳೆಯ ಮಂತ್ರ. 100 ರೂಪಾಯಿಗೆ ಮಾರುವ ಕ್ರೀಮು 80ಕ್ಕೆ ಸಿಕ್ಕಿತು ಎನ್ನಿ. ಹನ್ನೆರಡಕ್ಕೆ 960 ಕೊಟ್ಟು ಹದಿಮೂರು ತಂದಾಯಿತು. ಹದಿಮೂರೂ ಮಾರಿದರೆ 340 ಲಾಭ. ಹತ್ತು ಮಾರಿದರೆ 40 ರೂಪಾಯಿ. ಒಂಬತ್ತೇ ಮಾರಿ ಉಳಿದದ್ದರ ಮುದ್ದತ್ತು ಮುಗಿದರೆ 60 ರೂಪಾಯಿ ಕೈಯಿಂದ ಹೋಯಿತು. ಪುಕ್ಕಟೆ ಬಂದದ್ದರ ನಿಜವಾದ ಬೆಲೆ ತಿಳಿಯುವುದು ಆಗಲೇ.

ತುಟಿಬಣ್ಣದ ಕಥೆ ಇನ್ನೂ ಬೇರೆ. ಒಂದು ಕಂಪನಿಯ 24 ಬಣ್ಣ, ಬಣ್ಣಕ್ಕೆ ಆರರಂತೆ ತಂದರೆ 144 ನಗ. ಒಂದಕ್ಕೆ 100 ರೂಪಾಯಿ ಹಿಡಿದರೂ 14,400. ಅದರಲ್ಲಿ ಓಡುವುದು ಆರು ಬಣ್ಣ ಎಂದಾದರೆ 10,800 ರೂಪಾಯಿ ಕಪಾಟಿನಲ್ಲಿ ಮಲಗಿತು. ಕಿರಾಣಿಯವನ ಬೇಳೆ ಇಂದಲ್ಲ ನಾಳೆ ಯಾರದೋ ಸಾರಿಗೆ ಬೀಳುತ್ತದೆ. ನಡೆಯದ ಬಣ್ಣವನ್ನು ಮಾತ್ರ ಉದ್ರಿ ಕೊಡುತ್ತೇನೆಂದರೂ ಒಯ್ಯುವವರಿಲ್ಲ.

ಅದಕ್ಕೇ ಮೊದಲ ಖರೀದಿಯಲ್ಲಿ ದೊಡ್ಡ ಪಾಲು ದಿನಬಳಕೆಯ ಮಾಲಿಗೆ ಇಡಬೇಕು. ಪೌಡರ್, ಎಣ್ಣೆ, ಶಾಂಪೂ ಚೀಟಿ, ಕಾಡಿಗೆ, ಟಿಕಳಿ, ಪಿನ್ನು, ಬಳೆ. ಬಣ್ಣದ ಮಾಲು ಎರಡೆರಡೇ ತಂದು, ಕೇಳಿದ್ದನ್ನು ಒಂದು ವಹಿಯಲ್ಲಿ ಬರೆದಿಟ್ಟು, ಮುಂದಿನ ಸಲ ಅದನ್ನೇ ತರಬೇಕು. ಮುದ್ದತ್ತು ಹತ್ತಿರ ಬಂದ ಮಾಲನ್ನು ವಾಪಸು ಒಯ್ಯುತ್ತಾರೋ ಇಲ್ಲವೋ ಎಂದು ಖರೀದಿಯ ದಿನವೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಂಡರೆ ಮುಂದೆ ಜಗಳವಿಲ್ಲ.

ಹದಿನೈದು ಸಾವಿರದ ಕಂಪನಿ

ಇದಕ್ಕೆ ಒಂದು ನಿಜವಾದ ದಾಖಲೆ ಇದೆ. ತಮಿಳುನಾಡಿನ ಕಡಲೂರಿನ ಸಿ.ಕೆ. ರಂಗನಾಥನ್ 1983ರಲ್ಲಿ ಮನೆತನದ ವ್ಯಾಪಾರ ಬಿಟ್ಟು ಹೊರಬಂದಾಗ ಕೈಯಲ್ಲಿದ್ದದ್ದು 15,000 ರೂಪಾಯಿ. ಮನೆ ಮತ್ತು ಕಚೇರಿ ಎರಡಕ್ಕೂ ಸೇರಿ 250 ರೂಪಾಯಿ ಬಾಡಿಗೆಯ ಜಾಗಕ್ಕೆ 1,000 ಮುಂಗಡ ಕೊಟ್ಟರು. ಕಾರ್ಖಾನೆಗೆಂದು 300 ರೂಪಾಯಿ ಬಾಡಿಗೆಯ ಇನ್ನೊಂದು ಜಾಗಕ್ಕೆ 1,200 ಮುಂಗಡ. ಶಾಂಪೂ ತುಂಬುವ ಯಂತ್ರಕ್ಕೆ 3,000. ಈ ಲೆಕ್ಕವನ್ನು ಅವರೇ ಮುಂದೆ ಸಂದರ್ಶನದಲ್ಲಿ ಹೇಳಿದ್ದಾರೆ.

ಕೂಡಿಸಿ ನೋಡಿರಿ. ಮುಂಗಡ, ಯಂತ್ರ ಎಲ್ಲ ಸೇರಿ 5,200. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಉಳಿದ 9,800 ರೂಪಾಯಿ ವ್ಯಾಪಾರ ತಿರುಗಿಸಲು ಕೈಯಲ್ಲೇ ಉಳಿಯಿತು. ಮೊದಲ ತಿಂಗಳು 20,000 ಚೀಟಿ ಮಾರಿ, ಎರಡನೇ ತಿಂಗಳಿನಿಂದಲೇ ಲಾಭ ಕಂಡರು. ಬ್ಯಾಂಕಿನ ಮೊದಲ ಸಾಲ ಸಿಕ್ಕಿದ್ದು ಮೂರು ವರ್ಷದ ನಂತರ. ಆ ಶಾಂಪೂವೇ ಚಿಕ್, ಆ ಕಂಪನಿಯೇ ಇಂದಿನ ಕೆವಿನ್‌ಕೇರ್. ಅಂದಿನ 15,000 ಇಂದಿಗೆ ಸಾಲದು, ನಿಜ. ಆದರೆ ಹಂಚಿಕೆಯ ಬುದ್ಧಿ ಹಳತಾಗುವುದಿಲ್ಲ.

ಮನೆಯಲ್ಲೇ ಮಾಡಿ ಮಾರಬಹುದೇ?

ಮನೆಯ ಒಲೆಯ ಮೇಲೆ ಎಣ್ಣೆ ಕಾಸಿ, ಸಾಬೂನು ಹಾಕಿ, ಕ್ರೀಮು ಕಲಸಿ ಮಾರುವ ಉಮೇದು ಈಗ ಹೆಚ್ಚು. ಆದರೆ ಮಾರಾಟಕ್ಕೆಂದು ಸೌಂದರ್ಯವರ್ಧಕ ತಯಾರಿಸಲು ಲೈಸೆನ್ಸ್ ಬೇಕೇ ಬೇಕು. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ, 2020ರ ಸೌಂದರ್ಯವರ್ಧಕಗಳ ನಿಯಮ ಎರಡೂ ಇದನ್ನೇ ಹೇಳುತ್ತವೆ. ಲೈಸೆನ್ಸ್ ಕೊಡುವವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. ಸ್ವಂತ ಕಾರ್ಖಾನೆ ಇಲ್ಲದವರಿಗೆ 'ಲೋನ್ ಲೈಸೆನ್ಸ್' ಎಂಬ ದಾರಿಯಿದೆ. ಹೆಸರು ಕೇಳಿ ಬ್ಯಾಂಕ್ ಸಾಲ ಎಂದುಕೊಳ್ಳಬಾರದು. ಲೈಸೆನ್ಸ್ ಇರುವ ಬೇರೆಯವರ ಕಾರ್ಖಾನೆಯಲ್ಲಿ ತಮ್ಮ ಮಾಲು ತಯಾರಿಸಿಕೊಳ್ಳಲು ಸಿಗುವ ಅನುಮತಿ ಅದು.

ಬರೀ ಮಾರುವ ಅಂಗಡಿಗೆ ಈ ಲೈಸೆನ್ಸ್ ಬೇಡ. ಆದರೆ ಮಾರುವ ಮಾಲಿನ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಮುದ್ದತ್ತು, ಎಂಆರ್‌ಪಿ ಇರಲೇಬೇಕು. ಎಂಟು ದಿನದಲ್ಲಿ ಬೆಳ್ಳಗೆ ಮಾಡುತ್ತೇವೆಂದು ಬರುವ ಹೆಸರು-ಊರು ಇಲ್ಲದ ಡಬ್ಬಿಗಳನ್ನು ಲಾಭ ಎಷ್ಟೇ ಇರಲಿ ಒಳಗೆ ಬಿಟ್ಟುಕೊಳ್ಳಬಾರದು. ಇಂಥ ಕ್ರೀಮುಗಳಲ್ಲಿ ಪಾದರಸ ಸಿಕ್ಕ ಉದಾಹರಣೆಗಳು ದೇಶದೆಲ್ಲೆಡೆ ಇವೆ. ಪಾದರಸ ಚರ್ಮದ ಜೊತೆ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಗಿರಾಕಿಯ ಮುಖ ಕೆಟ್ಟರೆ ಓಣಿಯ ತುಂಬ ಹೆಸರು ಕೆಡುವುದು ಅಂಗಡಿಯದೇ.

ಕಾಗದಪತ್ರ, ತೆರಿಗೆ, ಸಾಲ

ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ, ಇವೆರಡು ಮೊದಲು. ಬೋರ್ಡು ಬರೆಸುವಾಗಲೂ ಎಚ್ಚರ ಬೇಕು. 2024ರ ತಿದ್ದುಪಡಿಯಂತೆ ಬೋರ್ಡಿನ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು. ಇಂಗ್ಲಿಷ್ ಬೋರ್ಡು ಬರೆಸಿ ಮತ್ತೆ ಅಳಿಸಿದರೆ ಪೇಂಟರನಿಗೆ ಎರಡು ಸಲ ಕೊಟ್ಟಂತೆ.

ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ಫೋನ್ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಸ್ಥರಿಗೆ ನೋಟಿಸು ಕೊಟ್ಟಾಗ ರಾಜ್ಯದ ತುಂಬ ಗದ್ದಲವೆದ್ದಿತ್ತು. ಮನೆಯ ರೊಕ್ಕ, ಭಿಶಿಯ ರೊಕ್ಕ, ಅಂಗಡಿಯ ರೊಕ್ಕ ಒಂದೇ ಖಾತೆಗೆ ಬಿದ್ದರೆ ಯಾವುದು ಯಾವುದೆಂದು ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆ ಮೊದಲ ದಿನದಿಂದಲೇ ಇರಲಿ.

ಅದೇ ವರ್ಷದ ಸೆಪ್ಟೆಂಬರ್ 22ರಿಂದ ಪೌಡರ್, ತಲೆಎಣ್ಣೆ, ಶಾಂಪೂ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ತುಟಿಬಣ್ಣ, ಉಗುರುಬಣ್ಣಕ್ಕೆ ಹಳೆಯ 18 ಹಾಗೇ ಉಳಿಯಿತು. ಕುಂಕುಮ, ಟಿಕಳಿ, ಗಾಜಿನ ಬಳೆಗೆ ಮೊದಲಿನಿಂದಲೂ ತೆರಿಗೆಯಿಲ್ಲ. ಗಿರಾಕಿಗೆ ಇದು ಒಳ್ಳೆಯದೇ ಆಯಿತು. ಹಳೆಯ ದರದಲ್ಲಿ ಮಾಲು ಪೇರಿಸಿಟ್ಟವರಿಗೆ ಮಾತ್ರ ಪೇಚು, ಏಕೆಂದರೆ ಗಿರಾಕಿ ಕೇಳುವುದು ಹೊಸ ದರ. ಅಲ್ಲಿಯೂ ಕಡಿಮೆ ಮಾಲು ಇಟ್ಟವರೇ ಪಾರು.

ಮಹಿಳೆಯರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ. 3 ಲಕ್ಷದವರೆಗಿನ ಸಾಲಕ್ಕೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 50, ಇತರರಿಗೆ ಶೇಕಡಾ 30 ಸಹಾಯಧನ. ವರಮಾನದ ಮಿತಿ ಉಂಟು. ಬ್ಯಾಂಕಿನ ಮುದ್ರಾ ಸಾಲದಲ್ಲಿ 50,000ದವರೆಗಿನದು ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ಮಂಜೂರಿ ಕೈಗೆ ಬರುವ ಮೊದಲೇ ಅದನ್ನು ನಂಬಿ ಮುಂಗಡ ಕೊಟ್ಟರೆ ನಡುನೀರಿನಲ್ಲಿ ನಿಲ್ಲಬೇಕಾದೀತು.

ದಿನಕ್ಕೆ ಎಂಬತ್ತು ಗಿರಾಕಿ

ಕೊನೆಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಬಾಡಿಗೆ 6,000, ಲೈಟ್ 1,000, ಸಾಲದ ಕಂತು 6,000, ಮನೆ ಖರ್ಚಿಗೆ 12,000 ಹಿಡಿದರೆ ತಿಂಗಳಿಗೆ 25,000 ಬೇಕು. ರೂಪಾಯಿಗೆ ಇಪ್ಪತ್ತು ಪೈಸೆ ಉಳಿಯುತ್ತದೆ ಎಂದರೆ 1,25,000 ರೂಪಾಯಿಯ ಮಾಲು ಮಾರಬೇಕು. ವಾರದ ರಜೆ ಬಿಟ್ಟು 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 4,800. ಒಬ್ಬ ಗಿರಾಕಿ 60 ರೂಪಾಯಿಯದು ಒಯ್ದರೆ ದಿನಕ್ಕೆ ಎಂಬತ್ತು ಮಂದಿ ಬರಬೇಕು.

ಎಂಬತ್ತು ಮಂದಿ ಮೊದಲ ವಾರದಲ್ಲೇ ಬರುವುದಿಲ್ಲ. ಪಂಚಮಿಯಿಂದ ದೀಪಾವಳಿಯವರೆಗೆ, ಆಮೇಲೆ ಲಗ್ನದ ದಿನಗಳಲ್ಲಿ ಬಂದಾರು. ಆಷಾಢದ ಮಳೆಯಲ್ಲಿ ನೊಣ ಹೊಡೆಯುತ್ತ ಕೂಡುವ ದಿನಗಳೂ ಇರುತ್ತವೆ. ಆ ದಿನಗಳನ್ನು ದಾಟಿಸುವುದು ಮೇಲೆ ಬರೆದ 42,000. ಪಂಚಮಿಗೆ ಹೊಸ ಮಾಲು ತರಿಸುವುದು ಆ 48,000.

ಅಂಗಡಿ ಹಾಕಬೇಕೆನ್ನುವವರು ಒಂದು ಕೆಲಸ ಮಾಡಲಿ. ಮುಂಗಡ ಕೊಡುವ ಮೊದಲು ಒಂದು ವಾರ ದಿನಾ ಸಂಜೆ ಆ ಗಲ್ಲಿಯಲ್ಲಿ ನಿಂತು, ಅಂಥದೇ ಅಂಗಡಿಗೆ ಎಷ್ಟು ಮಂದಿ ಹತ್ತುತ್ತಾರೆ, ಎಷ್ಟು ಮಂದಿ ಚೀಲ ಹಿಡಿದು ಇಳಿಯುತ್ತಾರೆ ಎಂದು ಎಣಿಸಲಿ. ಇದಕ್ಕೆ ಖರ್ಚು ಒಂದು ಪ್ಲೇಟ್ ಗಿರಮಿಟ್ಟು ಅಷ್ಟೇ.

ಬೋಣಿಗಿ ಎಲ್ಲಾರಿಗೂ ಆಗತೈತಿ. ಎರಡನೇ ಖರೀದಿಗೆ ಯಾರ ಗಲ್ಲೆದಾಗ ರೊಕ್ಕ ಉಳಿದಿರತೈತಿ, ಅವರ ಅಂಗಡಿ ಬಾಗಿಲಾ ಮುಂದಿನ ಪಂಚಮಿಗೂ ತೆರೆದಿರತೈತಿ.